ಹೊರಗಿನಿಂದ ಹಾಕಿದ ಬೀಗ

ನಾನು ನಿಂತಿದ್ದು ಹಿಮಾಯತ್‌ನಗರದ ಮುಖ್ಯ ರಸ್ತೆಯಿಂದ ಒಳಗೆ ತಿರುಗುವ ಒಂದು ಗಲ್ಲಿಯಲ್ಲಿ, ನಮ್ಮ ಕಂಪನಿಯ ಬಿಳಿ ವ್ಯಾನಿನ ಎಡ ಮಗ್ಗುಲಿಗೆ, ಅದರ ಬಾಗಿಲಿನಿಂದ ಒಂದು ತೋಳು ದೂರದಲ್ಲಿ. ಮಳೆಗಾಲದ ಮಧ್ಯಾಹ್ನ. ಊಟದ ಹೊತ್ತು ಮುಗಿದಿತ್ತು, ಶಾಲೆ ಬಿಡುವ ಹೊತ್ತು ಇನ್ನೂ ಆಗಿರಲಿಲ್ಲ. ಮಳೆ ಜಿನುಗುತ್ತಿತ್ತು. ನನ್ನ ಬಲಗೈಯಲ್ಲಿ ಒಂದು ಕಲ್ಲಿತ್ತು. ಆ ಕೈಯ ಮಣಿಕಟ್ಟನ್ನು ಎದುರಿನ ಫೋಟೊ ಫ್ರೇಮ್ ಅಂಗಡಿಯ ಖಾದರ್‌ಭಾಯಿ ಹಿಡಿದಿದ್ದರು. ವ್ಯಾನಿನ ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿತ್ತು. ಒಳಗೆ ಶರಣಪ್ಪ ಇದ್ದ.

ಇಷ್ಟನ್ನು ಖಚಿತವಾಗಿ ಹೇಳಬಲ್ಲೆ. ಹಾಗೆ ಎಷ್ಟು ಹೊತ್ತು ನಿಂತಿದ್ದೆವು ಎಂಬುದನ್ನು ಹೇಳಲಾರೆ. ಪೊಲೀಸರಿಗೆ ಒಂದು ಉತ್ತರ ಕೊಟ್ಟೆ, ಕಂಪನಿಯವರಿಗೆ ಇನ್ನೊಂದು. ಎರಡೂ ಸುಳ್ಳಲ್ಲ, ಎರಡೂ ನಿಜವೆಂದು ನನಗೆ ನಂಬಿಕೆಯೂ ಇಲ್ಲ.

ಕೇಬಲ್ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ನನ್ನನ್ನು ನೋಡಲು ಬರುತ್ತಾರೆ. ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ. ವ್ಯಾನಿನೊಳಗಿನ ಸಾಮಾನು ಕಳುವಾಗದಂತೆ ನೋಡಿಕೊಳ್ಳುವುದು ಹೇಗೆ? ಕಳುವಾದರೆ ತಮ್ಮ ತಲೆಗೇ ಬರುತ್ತದೆ ಎಂಬ ಭಯ ಅವರಿಗೆ. ಆ ಭಯ ಸರಿಯಾದದ್ದೇ. ನನಗೆ ತಿಳಿದ ಉಪಾಯಗಳನ್ನೆಲ್ಲ ಹೇಳುತ್ತೇನೆ. ಹೇಳಿದ ಮೇಲೆ ಈ ಗಲ್ಲಿಯ ಸಂಗತಿಯನ್ನೂ ಹೇಳುತ್ತೇನೆ. ಈಗ ಬರೆದಿಡುತ್ತಿದ್ದೇನೆ, ಬಾಯಲ್ಲಿ ಹೇಳುವಾಗ ಅರ್ಧಕ್ಕೇ ಎದ್ದುಬಿಡುತ್ತೇನೆ.

ನಾನು ಈ ಕೆಲಸಕ್ಕೆ ಬಂದಾಗ ತಾಮ್ರದ ಕೇಬಲ್ಲಿನ ಕಾಲ. ರಾಯಚೂರಿನಿಂದ ಹೈದರಾಬಾದಿಗೆ ಬಂದು, ನೆಲದಡಿಯ ಗುಂಡಿಗಳಲ್ಲಿ ಕುಕ್ಕರಗಾಲಲ್ಲಿ ಕೂತು ಜೋಡಿ ಜೋಡಿ ತಂತಿ ಹೊಸೆಯುವುದನ್ನು ಕಲಿತೆ. ಆಗ ಕಳ್ಳರಿಗೆ ಬೇಕಾಗಿದ್ದುದು ಕೇಬಲ್ಲೇ. ಸಂಜೆ ಎಳೆದದ್ದನ್ನು ಬೆಳಗಾಗುವುದರಲ್ಲಿ ಕತ್ತರಿಸಿ ಒಯ್ದು, ಸುಟ್ಟು, ತಾಮ್ರ ತೂಕಕ್ಕೆ ಹಾಕುತ್ತಿದ್ದರು. ನಂತರ ನಗರದ ಪಶ್ಚಿಮಕ್ಕೆ ಗಾಜಿನ ಕಟ್ಟಡಗಳು ಏಳತೊಡಗಿದವು. ಕಟ್ಟಡ ಎದ್ದಲ್ಲೆಲ್ಲ ಗಾಜಿನ ಎಳೆಯ ಕೇಬಲ್ ಬೇಕು, ಅದೂ ನಾಳೆಯೇ ಬೇಕು. ಕಳ್ಳರಿಗೆ ಈ ಬದಲಾವಣೆ ತಿಳಿಯಲು ಸ್ವಲ್ಪ ಸಮಯ ಹಿಡಿಯಿತು. ಮಿಯಾಪುರದ ಕಡೆ ಒಮ್ಮೆ ಹೊಸ ಕೇಬಲ್ಲನ್ನು ಕತ್ತರಿಸಿ, ಸಿಪ್ಪೆ ಸುಲಿದು, ಒಳಗೆ ತಾಮ್ರ ಸಿಗದೆ, ತುಂಡುಗಳನ್ನು ಬೇಲಿಯ ಮೇಲೆ ಹೀರೇಕಾಯಿ ಬಳ್ಳಿಯಂತೆ ಸಾಲಾಗಿ ತೂಗುಹಾಕಿ ಹೋಗಿದ್ದರು. ಶರಣಪ್ಪ ಅದನ್ನು ನೋಡಿ ನಕ್ಕಿದ್ದ.

"ಪಾಪ, ಸಿಟ್ಟು ಬಂದೈತಿ ನೋಡ್ರಿ ಅವಕ್ಕ. ಒಂದ್ ಮಾತ್ ಕೇಳಿದ್ರ ನಾವಾ ಹೇಳ್ತಿದ್ವಿ, ಗಾಜ್ ಐತಪಾ ಅಂತ."

ಶರಣಪ್ಪ ಸೇಡಂ ಕಡೆಯವನು. ಕೂದಲಿನಷ್ಟು ತೆಳುವಾದ ಎರಡು ಗಾಜಿನ ಎಳೆಗಳ ತುದಿಯನ್ನು ಎದುರುಬದುರಾಗಿ ಹಿಡಿದು ಕಿಡಿಯಿಂದ ಕರಗಿಸಿ ಒಂದು ಮಾಡುವ ಸ್ಪ್ಲೈಸಿಂಗ್ ಮಷೀನಿನ ಕೆಲಸ ಅವನದು. ಅವನು ಬೆಸೆದದ್ದು ಸರಿಯಾಗಿದೆಯೇ ಎಂದು ಕೇಬಲ್ಲಿನ ಇನ್ನೊಂದು ತುದಿಯಲ್ಲಿ ಕೂತು ಮೀಟರಿನಲ್ಲಿ ನೋಡಿ ಹೇಳುವ ಕೆಲಸ ನನ್ನದು. ಹೀಗಾಗಿ ನಾವಿಬ್ಬರೂ ದಿನವಿಡೀ ಜೊತೆಗೇ ದುಡಿಯುತ್ತಿದ್ದೆವು, ಆದರೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದುದು ಬೆಳಿಗ್ಗೆ ಮತ್ತು ಸಂಜೆ ಮಾತ್ರ. ನಡುವೆ ಗಾಜಿನ ಎಳೆಯ ಮೂಲಕವೇ ಮಾತಾಡುವ ಒಂದು ಸಲಕರಣೆ ಇತ್ತು, ಕಿವಿಗೆ ಹಾಕಿಕೊಳ್ಳುವಂಥದ್ದು. ಅವನು ಎಳೆಯ ಬಣ್ಣ ಹೇಳುತ್ತಿದ್ದ, ನಾನು ಸರಿ ಎನ್ನುತ್ತಿದ್ದೆ. ನೀಲಿ, ಕಿತ್ತಳೆ, ಹಸಿರು, ಕಂದು. ಕೇಬಲ್ಲಿನೊಳಗಿನ ಒಂದೊಂದು ಟ್ಯೂಬಿನಲ್ಲೂ ಎಳೆಗಳಿಗೆ ಇದೇ ಕ್ರಮ, ಅದು ನಮ್ಮ ಕೆಲಸದ ಅಕ್ಷರಮಾಲೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ತಪ್ಪಬಾರದು.

ಆ ಮಷೀನ್ ಒಂದು ಹೊಲಿಗೆ ಯಂತ್ರದ ಪೆಟ್ಟಿಗೆಯಷ್ಟೂ ಇರಲಿಲ್ಲ, ಆದರೆ ಅದನ್ನು ಹೊತ್ತ ವ್ಯಾನಿಗಿಂತ ದುಬಾರಿ. ಒಂದು ಧೂಳಿನ ಕಣ ಬಿದ್ದರೂ ಬೆಸುಗೆ ಕೆಡುತ್ತದೆ. ಅದಕ್ಕೇ ಬೆಸುಗೆಯನ್ನು ವ್ಯಾನಿನೊಳಗೆ, ಬಾಗಿಲು ಮುಚ್ಚಿಕೊಂಡು ಮಾಡುವುದು. ವ್ಯಾನಿನ ಹಿಂಭಾಗಕ್ಕೆ ಕಂಪನಿಯವರು ತಗಡಿನ ಪೆಟ್ಟಿಗೆಯಂಥ ಒಂದು ಕೋಣೆ ಕಟ್ಟಿಸಿದ್ದರು. ಅದರ ನೆಲದಲ್ಲಿ ಒಂದು ತೂತು. ಗುಂಡಿಯಿಂದ ಕೇಬಲ್ಲಿನ ತುದಿಯನ್ನು ಆ ತೂತಿನಿಂದ ಮೇಲಕ್ಕೆ ಎಳೆದುಕೊಳ್ಳುವುದು. ಕರೆಂಟಿಗೆ ಹೊರಗೊಂದು ಸಣ್ಣ ಪೆಟ್ರೋಲ್ ಜನರೇಟರ್.

ವ್ಯಾನಿನಿಂದ ಮೊದಲ ಕಳವು ಆದದ್ದು ಮಿಯಾಪುರದಲ್ಲೇ, ಹಾಡುಹಗಲು. ನಮ್ಮ ಡ್ರೈವರ್ ನರ್ಸಿಂಗ್, ತೆಲುಗಿನವನು, ಸೀಟಿನಲ್ಲಿ ಕೂತಿದ್ದ. ಒಬ್ಬ ಬಂದು "ಅನ್ನಾ, ನಿನ್ನ ಗಾಡಿಯಿಂದ ಆಯಿಲ್ ಸೋರುತ್ತಿದೆ" ಎಂದ. ನರ್ಸಿಂಗ್ ಇಳಿದು ಬಗ್ಗಿ ನೋಡಿದ. ಆಯಿಲ್ ನಿಜವಾಗಿಯೂ ಇತ್ತು, ಅವರೇ ಸುರಿದಿದ್ದರು. ಅವನು ಎಂಜಿನ್ನಿನ ಕೆಳಗೆ ತಲೆ ಹಾಕಿದ್ದಾಗ ಇನ್ನೊಬ್ಬ ಹಿಂದಿನ ಕೋಣೆಯ ಬಾಗಿಲು ತೆಗೆದು, ಶರಣಪ್ಪನ ಬೆನ್ನ ಹಿಂದಿನಿಂದಲೇ ಅಲ್ಲಿಟ್ಟಿದ್ದ ಇನ್ನೊಂದು ಟೆಸ್ಟಿಂಗ್ ಮೀಟರನ್ನು ಎತ್ತಿಕೊಂಡು ಹೋದ. ಶರಣಪ್ಪ ಮಷೀನಿನ ಪರದೆಯ ಮೇಲೆ ಕಣ್ಣಿಟ್ಟಿದ್ದ. ತಣ್ಣನೆ ಗಾಳಿ ಬಂತು, ಬಾಗಿಲು ತಾನಾಗಿ ತೆರೆದುಕೊಂಡಿರಬೇಕು ಎಂದುಕೊಂಡು, ತಿರುಗದೆಯೇ "ನರ್ಸಿಂಗಾ, ಬಾಗ್ಲಾ ಹಾಕೋ ಮಾರಾಯಾ" ಎಂದನಂತೆ. ಕಳ್ಳ ಬಾಗಿಲು ಹಾಕಿಕೊಂಡೇ ಹೋಗಿದ್ದ. ಇದನ್ನು ಹೇಳಿಕೊಂಡು ನಾವು ಬಹಳ ದಿನ ನಕ್ಕೆವು.

ಬೇಗಂಪೇಟೆಯ ಆಫೀಸಿನಲ್ಲಿದ್ದ ನಮ್ಮ ಮೇಲಧಿಕಾರಿ ಮೂರ್ತಿ ಸಾಹೇಬರು ನಗಲಿಲ್ಲ. ಮೈಸೂರು ಕಡೆಯವರು. ಕೈಕೆಳಗಿನವರ ಮೇಲೆ ಕೂಗಾಡಿದವರಲ್ಲ, ಯಾರ ಸಂಬಳಕ್ಕೂ ಕೈಹಾಕಿದವರಲ್ಲ. ಕಬ್ಬಿಣದ ಬೆಸುಗೆ ಹಾಕುವವನನ್ನು ಕರೆಸಿ ವ್ಯಾನಿನ ಸುತ್ತ ತಾವೇ ನಡೆದು ಒಂದೊಂದನ್ನೂ ತೋರಿಸಿ ಮಾಡಿಸಿದರು. ಕಿಟಕಿಗಳಿಗೆ ಸರಳು, ಒಳಗೇನಿದೆ ಕಾಣದಂತೆ ಗಾಜಿಗೆ ಬಣ್ಣ. ಮಗ್ಗುಲ ಬಾಗಿಲಿಗೆ ದಪ್ಪ ಚಿಲಕ, ಬೀಗಕ್ಕೆ ಗಡಾರಿ ತಾಗದಂತೆ ಅದರ ಸುತ್ತ ಕಬ್ಬಿಣದ ಕವಚ. ಒಳಗಿನ ಹಿಡಿಕೆಯನ್ನು ತೆಗೆಸಿದರು, ಕಿಟಕಿಯಿಂದ ಕೈಹಾಕಿ ಯಾರೂ ತೆರೆಯಬಾರದೆಂದು. ಜನರೇಟರಿಗೆ ಒಂದು ಸರಪಳಿ. ಅದರ ಇನ್ನೊಂದು ತುದಿಯನ್ನು ವ್ಯಾನಿನ ಅಡಿಗೆ ಬೆಸೆದ ಬಳೆಗೆ ಸಿಕ್ಕಿಸಿದರು. ಸರಪಳಿ ಉದ್ದವಿದ್ದರೆ ಕಳ್ಳ ಅದನ್ನು ನೆಲಕ್ಕಿಟ್ಟು ಸುತ್ತಿಗೆಯಿಂದ ಒಡೆಯುತ್ತಾನೆ ಎಂದು ಗಿಡ್ಡ ಸರಪಳಿಯನ್ನೇ ಹಾಕಿಸಿದರು.

"ನೋಡಿ ವೀರೇಶ್, ಕೆಲಸ ನಡೀವಾಗ ಡ್ರೈವರ್ ಇಳಿಯೋ ಹಾಗಿದ್ರೆ ಹೊರಗಡೆಯಿಂದ ಬೀಗ ಹಾಕ್ಕೊಂಡೇ ಇಳೀಲಿ. ಶರಣಪ್ಪ ಒಳಗಿದ್ರೂ ಸರಿಯೇ. ಅವನು ತಲೆ ಎತ್ತೋದಿಲ್ಲ, ಅದು ಅವನ ತಪ್ಪಲ್ಲ. ಆ ಕೆಲಸಾನೇ ಹಾಗೆ," ಎಂದರು.

ಶರಣಪ್ಪನಿಗೆ ಇದು ಒಪ್ಪಿಗೆಯಾಗಿತ್ತು. ಮೀಟರ್ ಹೋದಂದಿನಿಂದ ಅವನಿಗೆ ಬೆನ್ನ ಹಿಂದೆ ಯಾರೋ ನಿಂತಂತೆ ಅನ್ನಿಸುತ್ತಿತ್ತು. ಬೀಗ ಬಿದ್ದ ಸದ್ದು ಕೇಳಿದರೆ ಕೈ ನೆಟ್ಟಗಾಗುತ್ತದೆ ಎನ್ನುತ್ತಿದ್ದ.

ನರ್ಸಿಂಗನಿಗೂ ತನ್ನದೇ ಎರಡು ಪದ್ಧತಿಗಳಿದ್ದವು, ಎರಡೂ ಒಳ್ಳೆಯವು. ವ್ಯಾನಿನ ಹಿಂಬದಿಯ ಬಾಗಿಲನ್ನು ಗೋಡೆಗೆ ಅಂಟುವಂತೆ ನಿಲ್ಲಿಸುವುದು ಒಂದು. ಹೊಸ ಜಾಗಕ್ಕೆ ಹೋದ ಕೂಡಲೇ ಎದುರಿನ ಅಂಗಡಿಯಲ್ಲಿ ಚಹಾ ಕುಡಿದೋ ಏನಾದರೂ ಕೊಂಡೋ, "ಭಾಯ್, ಜರಾ ಗಾಡಿ ಕಡೆ ಕಣ್ಣಿರಲಿ" ಎಂದು ಒಪ್ಪಿಸಿ ಬರುವುದು ಇನ್ನೊಂದು. ಸಂಬಳದ ಕಾವಲುಗಾರ ಮಲಗುತ್ತಾನೆ, ಮಾತು ಕೊಟ್ಟ ಅಂಗಡಿಯವನು ಮಲಗುವುದಿಲ್ಲ ಎನ್ನುತ್ತಿದ್ದ. ಆದರೆ ಒಳಗೆ ಏನಿದೆ, ಯಾರಿದ್ದಾರೆ ಎಂದು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ಅದು ಮೂರ್ತಿ ಸಾಹೇಬರ ಕಟ್ಟಪ್ಪಣೆ.

ಗಿಡ್ಡ ಸರಪಳಿಯಿಂದ ಆದ ಒಂದು ಫಜೀತಿ ನೆನಪಾಗುತ್ತದೆ. ಒಂದು ಸಂಜೆ ನರ್ಸಿಂಗ್ ಸರಪಳಿ ಬಿಚ್ಚುವುದನ್ನು ಮರೆತು ಗಾಡಿ ಬಿಟ್ಟ. ಜನರೇಟರ್ ಕಿಡಿ ಹಾರಿಸುತ್ತ ಹಿಂದೆ ಹೊರಟಿತು. ರಸ್ತೆಯ ಜನರೆಲ್ಲ ಕೂಗಿದರು. ಪಕ್ಕದ ಸೀಟಿನಲ್ಲಿದ್ದ ಶರಣಪ್ಪ ಹೊರಗೆ ಇಣುಕಿ, "ನರ್ಸಿಂಗಾ, ನಾಯಿ ಕಟಿಗೊಂಡು ಹೊಂಟೀಯೇನೋ? ಪಾಪ, ಓಡಿ ಓಡಿ ಸಾಕಾಗೈತಿ ಅದಕ್ಕ," ಎಂದ. ಅಂದಿನಿಂದ ನಮ್ಮಲ್ಲಿ ಜನರೇಟರಿಗೆ ನಾಯಿ ಎಂದೇ ಹೆಸರಾಯಿತು.

ಹಿಮಾಯತ್‌ನಗರದ ಕೆಲಸಕ್ಕೆ ಬರುವ ಹೊತ್ತಿಗೆ ಈ ಎಲ್ಲ ಏರ್ಪಾಡೂ ರೂಢಿಯಾಗಿತ್ತು. ಮಿಯಾಪುರದ ನಂತರ ನಮ್ಮ ವ್ಯಾನಿನಿಂದ ಒಂದು ಸ್ಕ್ರೂಡ್ರೈವರ್ ಕೂಡ ಹೋಗಿರಲಿಲ್ಲ.

ಆ ದಿನ ನಾನಿದ್ದುದು ಎರಡು ಗಲ್ಲಿ ಆಚೆಯ ಒಂದು ಆಫೀಸು ಕಟ್ಟಡದ ನೆಲಮಾಳಿಗೆಯಲ್ಲಿ. ಬಾಗಿಲಲ್ಲಿ ಸೆಕ್ಯೂರಿಟಿಯವನು ನನ್ನ ಗುರುತಿನ ಕಾರ್ಡು ಇಸಿದುಕೊಂಡು ಬಿಲ್ಲೆ ಕೊಟ್ಟಿದ್ದ. ಬೆಳಗ್ಗೆಯಿಂದ ಕೆಲಸ ಸುಸೂತ್ರವಾಗಿ ನಡೆದಿತ್ತು. ಮಳೆ ಹನಿಯತೊಡಗಿದಾಗ ನರ್ಸಿಂಗ್ ಜನರೇಟರನ್ನು ನೆನೆಯದ ಜಾಗಕ್ಕೆ ಸರಿಸಲು ನೋಡಿದ. ಗಿಡ್ಡ ಸರಪಳಿ ಬಿಡಲಿಲ್ಲ, ಬಿಚ್ಚಿಟ್ಟು ಹೋದರೆ ಕಳ್ಳರ ಭಯ. ಅದು ಎಳೆಯುವ ಕಡೆಗೇ, ವ್ಯಾನಿನ ಅಡಿಗೇ ತಳ್ಳಿದ. ಇರಚಲು ಹೊಡೆಯಬಾರದೆಂದು ಮಗ್ಗುಲಿಗೆ ತಾಡಪಾಲು ಇಳಿಬಿಟ್ಟ. ಪೆಟ್ರೋಲ್ ಮುಗಿಯುತ್ತ ಬಂದಿತ್ತು. ಬೀಗ ಹಾಕಿ, ಅಂಗಡಿಯ ಕಡೆ ಕೈಯೆತ್ತಿ ತೋರಿಸಿ, ಕ್ಯಾನು ಹಿಡಿದು ಬಂಕಿಗೆ ಹೋದ. ಇದನ್ನೆಲ್ಲ ನಾನು ನೋಡಲಿಲ್ಲ. ನರ್ಸಿಂಗ್ ಆಮೇಲೆ ಹೇಳಿದ್ದು, ಖಾದರ್‌ಭಾಯಿಯೂ ಹಾಗೇ ಹೇಳಿದ್ದಾರೆ.

ನನಗೆ ಕೇಳಿಸಿದ್ದು ಇಷ್ಟು.

"ವೀರೇಶಣ್ಣಾ, ತಲಿ ಭಾಳ ನೋಯಾಕತ್ತೈತ್ರಿ."

"ಚಾ ಕುಡಿದಿಲ್ಲಲ್ಲ, ಅದಕ್ಕ. ಈ ಟ್ಯೂಬ್ ಮುಗಿಸು, ಕುಡಿಯೋಣು."

"ಹೂಂರಿ. ಹಸಿರು ಆತು."

ನಾನು ಮೀಟರ್ ನೋಡಿ ಸರಿ ಎಂದೆ. ಮುಂದಿನದು ಕಂದು ಬರಬೇಕು. ಬಹಳ ಹೊತ್ತು ಬರಲಿಲ್ಲ. ನಂತರ ಅವನು ಮತ್ತೆ "ಹಸಿರು" ಎಂದ.

"ಹಸಿರು ಆಗೇತಲ್ಲೋ. ಕಂದು ಹಿಡಿ."

"ಹಸಿರು," ಎಂದ ಇನ್ನೊಮ್ಮೆ. ಮಗು ಪಾಠ ಒಪ್ಪಿಸುವ ದನಿಯಲ್ಲಿ.

ಆಮೇಲೆ ಅವನ ದನಿ ಬರಲಿಲ್ಲ. ನಾನು ಹೆಸರು ಹಿಡಿದು ಕರೆದೆ. ಕಿವಿಯಲ್ಲಿ ಜನರೇಟರಿನ ಸದ್ದು ಮಾತ್ರ ಕೇಳುತ್ತಿತ್ತು, ಎಂದಿಗಿಂತ ಹತ್ತಿರದಲ್ಲಿ, ಅವನ ಕಾಲ ಕೆಳಗೇ ಇದ್ದಂತೆ. ನಾನು ಕಿವಿಯ ಸಲಕರಣೆಯನ್ನು ಕಿತ್ತು ಓಡಿದೆ. ಕಾರ್ಡು ಕೇಳಲು ನಿಲ್ಲಲಿಲ್ಲ.

ವ್ಯಾನಿನ ಬಾಗಿಲು ಬಡಿದೆ, ಕೂಗಿದೆ. ಉತ್ತರವಿಲ್ಲ. ತಾಡಪಾಲಿನ ಅಂಚಿನಿಂದ ಹೊಗೆ ತೆಳ್ಳಗೆ ಹೊರಬರುತ್ತಿತ್ತು. ಕೋಣೆಯ ಕಿಟಕಿ ಒಡೆದರೆ ಗಾಳಿಯಾದರೂ ಹೋದೀತೆಂದು ಕಲ್ಲೆತ್ತಿದೆ. ಆಗಲೇ ಖಾದರ್‌ಭಾಯಿ ನನ್ನ ಮಣಿಕಟ್ಟು ಹಿಡಿದದ್ದು.

"ಕ್ಯಾ ಕರ್‌ರಾ ಮಿಯಾ? ಕಿಸ್ಕಿ ಗಾಡಿ ಹೈ ಯೇ?"

ಏನು ಮಾಡುತ್ತಿದ್ದೀಯ, ಯಾರ ಗಾಡಿ ಇದು ಎಂದು ಕೇಳುತ್ತಿದ್ದರು. ನಮ್ಮದೇ ಗಾಡಿ ಎಂದೆ. ಅವರು ನನ್ನನ್ನು ನೋಡಿಯೇ ಇರಲಿಲ್ಲ. ನಾನು ಯಾವಾಗಲೂ ಇನ್ನೊಂದು ತುದಿಯಲ್ಲಿರುವವನು. ಕಾರ್ಡು ತೋರಿಸು ಎಂದರು, ಕಾರ್ಡು ಇರಲಿಲ್ಲ. ಬೀಗದ ಕೈ ಎಲ್ಲಿ ಎಂದರು, ಅದೂ ಇರಲಿಲ್ಲ. ನೆನೆದ ಬಟ್ಟೆ, ಹೆಗಲಲ್ಲಿ ಇಕ್ಕಳ ಕತ್ತರಿಗಳ ಚೀಲ, ಕೈಯಲ್ಲಿ ಕಲ್ಲು. ಅಷ್ಟರಲ್ಲಿ ಜನ ಸೇರಿದರು. ಯಾರೋ ಹಿಂದಿನಿಂದ ಬೆನ್ನಿಗೆ ಗುದ್ದಿದರು.

"ಒಳಗೆ ಮನುಷ್ಯ ಇದ್ದಾನೆ ಭಾಯ್, ಸಾಯ್ತಾನೆ," ಎಂದು ನಾನು ಹಿಂದಿಯಲ್ಲಿ ಕಿರುಚಿದೆ.

ಖಾದರ್‌ಭಾಯಿ ಬೀಗವನ್ನು ನೋಡಿದರು, ನನ್ನನ್ನು ನೋಡಿದರು. "ಅಂದರ್ ಆದ್ಮಿ ರಹೇ ತೊ ಬಾಹರ್ ಸೆ ತಾಲಾ ಕಾಯ್ಕು ಡಾಲ್ತೆ?" ಎಂದರು. ಒಳಗೆ ಮನುಷ್ಯ ಇದ್ದರೆ ಹೊರಗಿನಿಂದ ಬೀಗ ಯಾಕೆ ಹಾಕುತ್ತಾರೆ?

ಜನರೇಟರ್ ಓಡುತ್ತಲೇ ಇತ್ತು. ಬಗ್ಗಿ ಅದನ್ನು ನಿಲ್ಲಿಸಲು ಹೋದರೆ ಓಡಿಹೋಗುತ್ತಿದ್ದಾನೆಂದು ಇಬ್ಬರು ತೋಳು ಹಿಡಿದರು.

ಗಲ್ಲಿಯ ತುದಿಯಲ್ಲಿ ಕೇಬಲ್ ಗುಂಡಿ ತೋಡುವ ನಮ್ಮ ಕಡೆಯ ಕೂಲಿಯವರು ಮಳೆಗೆ ಒಂದು ಸೂರಿನಡಿ ಕೂತಿದ್ದರು. ಅವರಲ್ಲಿ ಭೀಮವ್ವ ಎಂಬಾಕೆ ಗದ್ದಲ ಕೇಳಿ ಬಂದಳು. ಶರಣಪ್ಪನ ಊರಿನವಳೇ. ಬೆಳಿಗ್ಗೆ ಅವನಿಗೆ ರೊಟ್ಟಿ ಕೊಟ್ಟವಳು ಅವಳೇ. ನನ್ನನ್ನು ಕಂಡದ್ದೇ ಜನರ ನಡುವೆ ನುಗ್ಗಿದಳು.

"ಬಿಡ್ರ್ಯೋ ಅಂವನ್ನ! ನಮ್ಮವ ಅದಾನ ಅಂವ! ಯಣ್ಣಾ, ಏನಾತೋ? ಶರಣಪ್ಪ ಎಲ್ಲದಾನ?"

"ಒಳಗ ಅದಾನವ್ವಾ. ಮಾತಾಡವಲ್ಲ."

ಅವಳು ಖಾದರ್‌ಭಾಯಿಯ ಎದುರು ನಿಂತು, ತನಗೆ ಬರುವ ಅರೆಬರೆ ಹಿಂದಿಯಲ್ಲಿ, "ಚಾಚಾ, ಅಂದರ್ ಹಮಾರಾ ಆದ್ಮಿ. ಸುಬೂ ಮೈ ದೇಖಿ, ಮೈ ದೇಖಿ," ಎಂದು, ಬೆಳಿಗ್ಗೆ ತಾನೇ ಕಣ್ಣಾರೆ ನೋಡಿದ್ದಾಗಿ ಎದೆ ಬಡಿದುಕೊಂಡಳು.

ಮಣಿಕಟ್ಟಿನ ಹಿಡಿತ ಸಡಿಲವಾಯಿತು. ಖಾದರ್‌ಭಾಯಿಯ ಮುಖದಲ್ಲಿ ಆದ ಬದಲಾವಣೆಯನ್ನು ನಾನು ಇಷ್ಟು ಹತ್ತಿರದಿಂದ ನೋಡಬಾರದಿತ್ತು. ನಾನು ತಾಡಪಾಲಿನ ಕೆಳಗೆ ತೂರಿ ಜನರೇಟರ್ ನಿಲ್ಲಿಸಿದೆ. ಗುದ್ದಿದವರೇ ಕೂಲಿಯವರಿಂದ ಹಾರೆ ಇಸಿದುಕೊಂಡು ಬೀಗಕ್ಕೆ ಹಾಕಿದರು. ಕವಚ ಹಾರೆಯನ್ನು ಒಳಗೆ ಬಿಡಲಿಲ್ಲ. ಹಿಂಬಾಗಿಲು ಗೋಡೆಗೆ ಅಂಟಿತ್ತು. ಕಿಟಕಿಯ ಗಾಜು ಒಡೆಯಿತು, ಸರಳು ಬಾಗಲಿಲ್ಲ. ಆ ದಿನ ನಮ್ಮ ಏರ್ಪಾಡುಗಳಲ್ಲಿ ಒಂದೂ ಕೈಕೊಡಲಿಲ್ಲ.

ಕೊನೆಗೆ ಖಾದರ್‌ಭಾಯಿ ಅಂಗಡಿಯಿಂದ ಫ್ರೇಮಿನ ಕೆಲಸದ ಉಳಿ ಸುತ್ತಿಗೆ ತಂದು, ಬೀಗವನ್ನು ಬಿಟ್ಟು ಬಾಗಿಲಿನ ಇನ್ನೊಂದು ಅಂಚಿಗೆ ಹೋದರು. ಬಿಜಾಗರಿಗಳ ಮೊಳೆಗಳನ್ನು ಒಂದೊಂದಾಗಿ ಹೊಡೆದು ಹಾರಿಸಿದರು. ಬಾಗಿಲು ಬೀಗದ ಮೇಲೆಯೇ ತಿರುಗಿ, ತೆರೆಯಬಾರದ ಕಡೆಯಿಂದ ತೆರೆಯಿತು. ಬೀಗ ಹಾಗೇ ಇತ್ತು.

ಶರಣಪ್ಪ ಮಷೀನಿನ ಮೇಲೆ ಬಿದ್ದಿರಲಿಲ್ಲ. ಅದರ ಮುಚ್ಚಳ ಮುಚ್ಚಿತ್ತು. ಅವನು ಬಾಗಿಲಿನ ಬುಡದಲ್ಲಿ ಮಲಗಿದ್ದ, ಹಿಡಿಕೆ ಇರಬೇಕಾದ ಜಾಗದ ಕೆಳಗೆ. ಮುಖ ಕೆಂಪಾಗಿತ್ತು, ಬಿಸಿಲಲ್ಲಿ ನಡೆದು ಬಂದವನಂತೆ. ಅದನ್ನು ನೋಡಿ ನಾನು ಬದುಕಿದ್ದಾನೆ ಎಂದುಕೊಂಡೆ. ಉಸಿರು ಇತ್ತು ಕೂಡ. ಖಾದರ್‌ಭಾಯಿಯ ಅಂಗಡಿಯ ಹಲಗೆಯ ಮೇಲೆ ಮಲಗಿಸಿದೆವು. ಆಸ್ಪತ್ರೆಗೆಂದು ಕರೆದ ಆಟೊ ತಿರುಗುತ್ತಿದ್ದಾಗ ನರ್ಸಿಂಗ್ ಪೆಟ್ರೋಲ್ ಕ್ಯಾನು ಹಿಡಿದು ಗಲ್ಲಿಗೆ ಬಂದ. ಬಾಗಿಲನ್ನು ನೋಡಿದ. ಕ್ಯಾನು ಕೆಳಗಿಟ್ಟು, ಸೊಂಟದಿಂದ ಬೀಗದ ಕೈ ತೆಗೆದು ನನಗೆ ಚಾಚಿದ.

"ತಾಳಂ ನಾ ದಗ್ಗರುಂದಿ ಅನ್ನಾ," ಎಂದ. ಬೀಗದ ಕೈ ನನ್ನ ಹತ್ತಿರ ಇದೆ, ಅಣ್ಣಾ. ಮತ್ತೆ ಮತ್ತೆ ಅದನ್ನೇ ಹೇಳಿದ. ಯಾರೂ ಅದನ್ನು ತೆಗೆದುಕೊಳ್ಳಲಿಲ್ಲ.

ಶರಣಪ್ಪ ಆಸ್ಪತ್ರೆಯಲ್ಲಿ ಆ ಸಂಜೆಯೇ ತೀರಿಕೊಂಡ. ಜನರೇಟರಿನ ಹೊಗೆಯಲ್ಲಿ ಬಣ್ಣವೂ ವಾಸನೆಯೂ ಇಲ್ಲದ ಒಂದು ವಿಷಾನಿಲ ಇರುತ್ತದೆ, ಅದು ಕೇಬಲ್ಲಿನ ತೂತಿನಿಂದ ಮೇಲೇರಿದೆ, ತಲೆನೋವು ಅದರ ಮೊದಲ ಲಕ್ಷಣ ಎಂದು ಡಾಕ್ಟರು ವಿವರಿಸಿದರು. ಚಹಾ ಕುಡಿದಿಲ್ಲ ಎಂಬ ನನ್ನ ಮಾತು ನನಗೆ ಆಗ ನೆನಪಾಯಿತು. ಈಗಲೂ ಆಗುತ್ತದೆ.

ಅವನ ಹೆಂಡತಿ ನಾಗಮ್ಮ ಊರಿನಿಂದ ಬಂದರು. ಅಳುವುದನ್ನು ನಿಲ್ಲಿಸಿ ನನ್ನನ್ನು ಕರೆದು ಕೇಳಿದರು.

"ಹೊರಗಿಂದ ಕೀಲಿ ಹಾಕಿದ್ರಂತಲ್ರಿ, ಖರೇ ಏನ್ರಿ?"

"ಹೌದವ್ವಾ."

"ಯಾಕ್ರಿ?"

"ಕಳ್ಳರು ಬರಬಾರ್ದಂತ."

"ಕಳ್ಳರು ಬಂದಿದ್ರೇನ್ರಿ?"

"ಇಲ್ಲವ್ವಾ. ಬಂದಿರ್ಲಿಲ್ಲ."

ಮೂರ್ತಿ ಸಾಹೇಬರು ಬೇಗಂಪೇಟೆಯ ಅಂಗಳದಲ್ಲಿ ಎಲ್ಲ ವ್ಯಾನುಗಳನ್ನೂ ಸಾಲಾಗಿ ನಿಲ್ಲಿಸಿ, ಅದೇ ಬೆಸುಗೆಯವನನ್ನು ಕರೆಸಿ, ಹೊರಗಿನ ಚಿಲಕಗಳನ್ನು ಕತ್ತರಿಸಿಹಾಕಿಸಿದರು. ಒಳಗೆ ಹಿಡಿಕೆ, ಒಳಗೇ ಅಗುಳಿ. ಜನರೇಟರಿಗೆ ಉದ್ದದ ಸರಪಳಿ, ಹೊಗೆ ವ್ಯಾನಿನಿಂದ ದೂರ ತಿರುಗಿರಬೇಕು, ಮಳೆ ಬಂದರೆ ಕೆಲಸವೇ ಬಂದ್. ಒಳಗೆ ಕೆಲಸ ನಡೆದಿದ್ದರೆ ಹೊರಗೆ ಕೆಂಪು ಬಟ್ಟೆ ಕಟ್ಟಬೇಕು, ಎದುರಿನ ಅಂಗಡಿಯವನಿಗೆ ಮೊದಲು ಹೇಳಬೇಕಾದದ್ದು ಒಳಗೊಬ್ಬ ಮನುಷ್ಯ ಇದ್ದಾನೆ ಎಂದು. ಮುಂದಿನ ಬೇಸಿಗೆಯಲ್ಲಿ ಒಂದು ಮಷೀನ್ ನಿಜವಾಗಿಯೂ ಕಳುವಾಯಿತು, ಉದ್ದದ ಸರಪಳಿಯ ಜನರೇಟರ್ ಸಮೇತ. ನಾನೇ ಹೋಗಿ ತಿಳಿಸಿದೆ. ಮೂರ್ತಿ ಸಾಹೇಬರು ಕನ್ನಡಕ ತೆಗೆದು ಒರೆಸಿದರು.

"ಒಳಗಿದ್ದವನು?"

"ಊಟಕ್ಕ ಇಳಿದಿದ್ದ ಸರ್."

"ಊಟ ಮಾಡಿದ್ನಾ?"

"ಮಾಡ್ಯಾನ್ರಿ."

"ಸರಿ ಹಾಗಾದ್ರೆ," ಎಂದು ಕನ್ನಡಕ ಹಾಕಿಕೊಂಡರು.

ಹೊಸಬರಿಗೆ ನಾನು ಹೇಳುವುದು ಇಷ್ಟೇ. ಬೀಗ ಹಾಕಿ, ಸರಪಳಿ ಹಾಕಿ, ಗೋಡೆಗೆ ಒತ್ತಿ ನಿಲ್ಲಿಸಿ. ಎಲ್ಲ ಸರಿ. ಹಾಕಿದ ಮೇಲೆ ಒಮ್ಮೆ ಒಳಗೆ ಕೂತು, ಹೊರಗೆ ಬರಲು ಆಗುತ್ತದೆಯೇ ನೋಡಿ.

ಮೂರ್ತಿ ಸಾಹೇಬರು ಈಗಿಲ್ಲ. ಅವರು ಆ ದಿನ ಅಲ್ಲಿರಲೂ ಇಲ್ಲ. ಗುದ್ದಿದವರ, ತೋಳು ಹಿಡಿದವರ ಹೆಸರು ನನಗೆ ಗೊತ್ತಿಲ್ಲ. ನೋಡಿದವರಲ್ಲಿ ಇಂದು ಇರುವವರೆಂದು ನಾನು ಬಲ್ಲವರು ಮೂವರು. ಭೀಮವ್ವ ಸೇಡಂ ಹತ್ತಿರದ ತನ್ನ ಊರಲ್ಲಿದ್ದಾಳೆ, ಕಣ್ಣು ಮಂದವಾಗಿದೆ, ದನಿಯಿಂದ ನನ್ನನ್ನು ಗುರುತಿಸುತ್ತಾಳೆ. ನರ್ಸಿಂಗ್ ಡ್ರೈವರ್ ಕೆಲಸ ಬಿಟ್ಟು ಮಿಯಾಪುರದಲ್ಲಿ ಮಗಳ ಮನೆಯಲ್ಲಿದ್ದಾನೆ, ಮನೆಯ ಬೀಗದ ಕೈಯನ್ನೂ ಇಟ್ಟುಕೊಳ್ಳುವುದಿಲ್ಲ. ಖಾದರ್‌ಭಾಯಿ ಅದೇ ಗಲ್ಲಿಯಲ್ಲಿ, ಅದೇ ಅಂಗಡಿಯಲ್ಲಿ ಕೂರುತ್ತಾರೆ. ನಾನು ಹೋದರೆ ಎದ್ದು ಬಂದು, ನನ್ನ ಬಲಗೈಯ ಮಣಿಕಟ್ಟು ಹಿಡಿದು ಒಳಗೆ ಕರೆದೊಯ್ದು ಕೂರಿಸುತ್ತಾರೆ.